ಬೆಳಗಿನ ಪಹಣಿ, ಸಂಜೆಯ ಸಾಲ

ಮೇಳಿಗೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬೆಳಿಗ್ಗೆ ಪಹಣಿ ತೆಗೆಸಿ, ಮಧ್ಯಾಹ್ನ ತೀರ್ಥಹಳ್ಳಿಯ ಬ್ಯಾಂಕೊಂದರಲ್ಲಿ ತೋಟದ ಮೇಲೆ ಸಾಲ ಮಾಡಿದರು ಎನ್ನಿ. ಸಾಲ ಪಹಣಿಯ 11ನೇ ಕಲಂಗೆ ಏರಿತು. ಸಂಜೆ ಇನ್ನೊಂದು ಬ್ಯಾಂಕಿಗೆ ಅವರು ತೋರಿಸುವ ಬೆಳಗಿನ ಪ್ರತಿಯಲ್ಲಿ ಮಾತ್ರ ಆ ಕಲಂ ಖಾಲಿ. ಪಕ್ಕದ ಮನೆಯ ಪೆಟ್ಟಿಗೆಯಲ್ಲಿರುವ ಪಹಣಿಗೆ ಐದು ವರ್ಷ. ಆ ಜಮೀನಿನ ಹಕ್ಕು, ಋಣ ಏನೂ ಬದಲಾಗದ್ದರಿಂದ ಆ ಮಟ್ಟಿಗೆ ಅದು ಇಂದಿಗೂ ನಿಜ. ಅರ್ಧ ದಿನದ್ದು ಹಳಸಿದೆ, ಐದು ವರ್ಷದ್ದು ಹಳಸಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಮೂಲ ದಾಖಲೆಯೇನೋ ಒಂದೆಡೆ ಸೇರಿತು, ಆದರೆ ಜನರ ಕೈಯಲ್ಲಿ ಓಡಾಡುವುದು ಈಗಲೂ ಪ್ರತಿಯೇ.

‘ಈ ಕಡತವನ್ನು ಇವರು ತೆರೆಯಬಹುದೇ?’ ಎಂದು ತೀರ್ಮಾನಿಸುವ ಕಂಪ್ಯೂಟರ್ ವ್ಯವಸ್ಥೆಗಳೂ ಉತ್ತರದ ಪ್ರತಿಯನ್ನು ಹತ್ತಿರವೇ ಇಟ್ಟುಕೊಳ್ಳುತ್ತವೆ, ಅದೇ ಕ್ಯಾಶ್ (cache). ಪ್ರತಿ ಸಲವೂ ಮೂಲವನ್ನೇ ಕೇಳಿದರಾಗದೇ ಎನ್ನಬಹುದು. ಗೂಗಲ್ 2019ರಲ್ಲಿ ವಿವರಿಸಿದ ‘ಜಾಂಜಿಬಾರ್’ ವ್ಯವಸ್ಥೆಗೆ ಸೆಕೆಂಡಿಗೆ ಲಕ್ಷಗಟ್ಟಲೆ ಇಂಥ ಪ್ರಶ್ನೆಗಳು ಬರುತ್ತವೆ, 100ರಲ್ಲಿ 95ಕ್ಕೆ 10 ಮಿಲಿಸೆಕೆಂಡಿನೊಳಗೆ ಉತ್ತರ ಸಿಗುತ್ತದೆ. ಖಂಡಾಂತರದ ಮೂಲಕ್ಕೆ ಹೋಗಿ ಬರುವುದಿದ್ದರೆ ಇದು ಆಗದ ಮಾತು. (ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುವ ಹೊಸನಗರ, ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಹಾಗಾದರೆ ಪ್ರತಿಗೆ ಐದು ನಿಮಿಷದ ಆಯುಸ್ಸು ಕೊಡೋಣವೇ? ಹೆಚ್ಚಿನವರು ಮಾಡುವುದು ಇದನ್ನೇ. ಆದರೆ ಆ ಐದು ನಿಮಿಷದಲ್ಲೇ ಕೆಲಸ ಕೆಡಬಹುದು: ಕೆಲಸ ಬಿಟ್ಟವರ ಹೆಸರನ್ನು ಕಡತ ತೆರೆಯಬಲ್ಲವರ ಪಟ್ಟಿಯಿಂದ ತೆಗೆದು, ಮರುಕ್ಷಣ ಕಡತಕ್ಕೆ ಹೊಸ ಗುಟ್ಟೊಂದನ್ನು ಸೇರಿಸಿದರೆ, ಹಳೆಯ ಪಟ್ಟಿ ನೋಡುವ ಯಂತ್ರ ಅದನ್ನು ಅವರಿಗೇ ತೋರಿಸುತ್ತದೆ.

ಜಾಂಜಿಬಾರ್‌ನ ಉಪಾಯ ಪಹಣಿಯ ಮೇಲಿನ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರನ್ನು ನೆನಪಿಸುತ್ತದೆ. ಕಡತ ಬದಲಾದಾಗ ಅದಕ್ಕೊಂದು ಗುರುತು ಬೀಳುತ್ತದೆ. ಅನುಮತಿ ಕೇಳುವಾಗ ಆ ಗುರುತನ್ನೂ ಕೊಡಬೇಕು. ಹತ್ತಿರದ ಪ್ರತಿ ಆ ಗುರುತಿಗಿಂತ ಹಿಂದಿನದಲ್ಲದಿದ್ದರೆ ಸಾಕು, ಎಷ್ಟು ಹೊತ್ತಿನದಾದರೂ ನಡೆಯುತ್ತದೆ. ತಾಜಾತನವನ್ನು ಗಡಿಯಾರದಿಂದ ಅಳೆಯದೆ, ಯಾವ ಬದಲಾವಣೆಯ ಈಚಿನದು ಎಂದು ಅಳೆಯುವುದೇ ಸರಿ ಎಂಬ ನನ್ನ ವಾದಕ್ಕೆ ಇದೇ ಆಧಾರ.

ಇದರಲ್ಲೂ ಒಂದು ಸಂದಿ ಉಳಿಯುತ್ತದೆ. ಹೆಸರು ತೆಗೆದ ಮೇಲೆ ಕಡತಕ್ಕೆ ಹೊಸದೇನೂ ಸೇರದಿದ್ದರೆ ಹಳೆಯ ಪ್ರತಿ ಸ್ವಲ್ಪ ಹೊತ್ತು ಬಾಗಿಲು ತೆರೆದೇ ಇಡುತ್ತದೆ. ಅವರು ನಿನ್ನೆಯೇ ಓದಿದ್ದನ್ನು ಇನ್ನೊಮ್ಮೆ ಓದಿದರೆ ದೊಡ್ಡ ನಷ್ಟವಿಲ್ಲ. ಹಣ ಬಿಡುಗಡೆ, ಸಹಿ, ಹಕ್ಕು ಬದಲಾವಣೆಗಳ ಮಾತು ಬೇರೆ. ಅಲ್ಲಿ ಮೂಲವನ್ನೇ ಕೇಳಬೇಕು, ಲೈನ್ ಇಲ್ಲದಿದ್ದರೆ ಸಾಲದ ಕಡತ ನಾಳೆಯವರೆಗೆ ಕಾಯಬೇಕು.