ಹೇಳಲು ನಾಚಿಕೆಯೇಕೆ?

ಯುವ ಮಿತ್ರರೇ, ಸಾನಪಾಡಾ ಸ್ಟೇಷನ್ನಿನ ಹೊರಗೆ ವಡಾಪಾವ್ ತಿನ್ನಲು ನಿಮಗೆ ಸಂಕೋಚವಿಲ್ಲ. ಹೊಟ್ಟೆ ಕೆಟ್ಟರೆ ಮಾತ್ರ ತಾಯಿಗೂ ಹೇಳಲು ನಾಚಿಕೆ! ಮಲದ ಬಣ್ಣ, ರೂಪವನ್ನು ಗಮನಿಸುವುದು ಅಸಹ್ಯವಲ್ಲ, ಜಾಣತನ.

ದಿನಕ್ಕೆ 3 ಸಲವಾಗಲಿ, ವಾರಕ್ಕೆ 3 ಸಲವಾಗಲಿ, ಸಹಜವೇ. ಬೀಟ್‌ರೂಟ್ ತಿಂದರೆ ಕೆಂಪು, ಕಬ್ಬಿಣದ ಮಾತ್ರೆ ನುಂಗಿದರೆ ಕಪ್ಪು, ಗಾಬರಿ ಬೇಡ. ಆದರೆ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ದುರ್ನಾತವಿದ್ದರೆ ಜಠರದಲ್ಲಿ ರಕ್ತ ಸೋರುತ್ತಿರಬಹುದು. ಅಂದೇ ವೈದ್ಯರನ್ನು ಕಾಣಿರಿ. ಸುಣ್ಣದಂತೆ ಬಿಳಿಚಿ, ಕಣ್ಣು ಹಳದಿಯಾದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲವೆಂದು ಶಂಕಿಸಬೇಕು. ಕೆಂಪು ರಕ್ತ ಕಂಡರೆ 'ಮೂಲವ್ಯಾಧಿ' ಎಂದು ನೀವೇ ತೀರ್ಮಾನಿಸಬೇಡಿ. ಕೆಲವು ವಾರಗಳಿಂದ ಅಭ್ಯಾಸ ಬದಲಾಗಿ ತೂಕವೂ ಇಳಿದರೆ ತಪಾಸಣೆ ಅಗತ್ಯ.

ಅಕ್ಕಿ ತೊಳೆದ ನೀರಿನಂತೆ ಭೇದಿಯಾದರೆ ಕಾಲರಾ ಇರಬಹುದು; ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಧಾವಿಸಿರಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇಂಥದೇ ಸಕ್ಕರೆ-ಉಪ್ಪಿನ ನೀರಿನಿಂದ ಅಸಂಖ್ಯ ಜೀವಗಳನ್ನು ಉಳಿಸಿದರು.

ಇನ್ನೊಂದು ಮಾತು. ಊರಿನಿಂದ ಬಂದ ಅಜ್ಜಿ "ಕಪ್ಪಗೆ ಹೋಗ್ತಿದೆ ಮಗಾ" ಎಂದರೆ ನಕ್ಕು ಸುಮ್ಮನಾಗಬೇಡಿ. ಮರಾಠಿ, ಹಿಂದಿ ಬಾರದ ಆಕೆಯ ಮಾತನ್ನು ಡಾಕ್ಟರಿಗೆ ಮುಟ್ಟಿಸಬೇಕಾದವರು ನೀವೇ. ಮನೆಯಲ್ಲಿ ಕಲಿತ ಕನ್ನಡ ಒಂದು ಜೀವ ಉಳಿಸಲಿ!