ಕಾಫಿ ಚೀಲದ ಬಾಡಿಗೆ ತೆರುವವರು ಯಾರು?



ಕಣದಲ್ಲಿ ಒಣಗಿದ ಚೆರಿಯನ್ನು ಚೀಲಕ್ಕೆ ತುಂಬಿ, ಮನೆ ಬಾಗಿಲಿಗೆ ಬಂದ ವ್ಯಾಪಾರಿಯ ಜೀಪಿಗೆ ಹೇರಿದ ಮೇಲೆ ಸಾಗಾಣಿಕೆಯ ಚಿಂತೆ ನಮ್ಮದಲ್ಲವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಬಾಡಿಗೆ ವ್ಯಾಪಾರಿಯದು, ಕಾಫಿ ಮಾತ್ರ ನಮ್ಮದು ಎಂಬುದು ಅವರ ಎಣಿಕೆ. ಇದು ತಪ್ಪು ತಿಳಿವಳಿಕೆ. ರಸೀದಿ ಯಾರ ಹೆಸರಿನಲ್ಲಿದ್ದರೂ ಬಾಡಿಗೆಯ ಬಹುಭಾಗ ಕೊನೆಗೆ ಬೆಳೆಗಾರನ ತಲೆಗೇ ಬರುತ್ತದೆ. ಅದು ಹೇಗೆಂಬುದನ್ನೂ, ಸರ್ಕಾರದ ಸಾಗಾಣಿಕೆ ನೀತಿಯಿಂದ ಈ ಹೊರೆ ಎಷ್ಟರಮಟ್ಟಿಗೆ ಇಳಿಯಬಲ್ಲದೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಬೆಲೆ ಕಟ್ಟುವ ಬಗೆ

ನಮ್ಮ ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಹೊರದೇಶಗಳಿಗೆ ಹೋಗುತ್ತದೆ. ರೊಬಸ್ಟಾದ ಬೆಲೆಗೆ ಲಂಡನ್ ಪೇಟೆ, ಅರೇಬಿಕಾದ ಬೆಲೆಗೆ ನ್ಯೂಯಾರ್ಕ್ ಪೇಟೆ ಆಧಾರ. ರಫ್ತುದಾರನು ಆ ಬೆಲೆಯಿಂದ ಹಡಗಿನ ಬಾಡಿಗೆ, ಬಂದರಿನ ಖರ್ಚು, ಬಂದರಿಗೆ ಹೋಗುವ ಲಾರಿಯ ಬಾಡಿಗೆ, ಕ್ಯೂರಿಂಗ್ ಖರ್ಚು ಇವನ್ನೆಲ್ಲ ಒಂದೊಂದಾಗಿ ಕಳೆಯುತ್ತಾನೆ. ಊರಿನ ವ್ಯಾಪಾರಿಯು ತನ್ನ ಜೀಪಿನ ಬಾಡಿಗೆಯನ್ನೂ ಲಾಭವನ್ನೂ ಕಳೆಯುತ್ತಾನೆ. ಉಳಿದದ್ದೇ ನಮ್ಮ ಕೈಗೆ ಬರುವ ಬೆಲೆ.

ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದಾಗ ಕಾಫಿಯನ್ನು ಬೋರ್ಡಿಗೆ ಒಪ್ಪಿಸಿದರೆ ಮುಂದಿನ ಮಾರಾಟ ಬೋರ್ಡಿನ ಹೊಣೆಯಾಗಿತ್ತು. ಖರ್ಚು ಪೂಲ್ ಲೆಕ್ಕದಲ್ಲಿ ಕಳೆದು ಹಣ ಕಂತುಗಳಲ್ಲಿ ಬರುತ್ತಿತ್ತು. 1992ರಿಂದ ಈ ಪದ್ಧತಿ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಮುಕ್ತ ಮಾರುಕಟ್ಟೆಯಾಯಿತು. ಅಂದಿನಿಂದ ದಾರಿಯ ಪ್ರತಿಯೊಂದು ಅಡಚಣೆಯೂ ನೇರವಾಗಿ ತೋಟದ ಬೆಲೆಯನ್ನು ತಟ್ಟುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ, ಯೂರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಹೋಗಬೇಕಾಯಿತು. ಪ್ರಯಾಣ ಹತ್ತು ಹದಿನೈದು ದಿನ ಹೆಚ್ಚಿ, ಬಾಡಿಗೆಯೂ ಏರಿತು. ನಮ್ಮ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ಇಟಲಿ, ಜರ್ಮನಿಗಳಿಗೆ ಸರಕು ಹೋಗುವ ಹತ್ತಿರದ ದಾರಿ ಅದೇ ಆಗಿತ್ತು.

ಸರ್ಕಾರ ಕೈಗೊಂಡಿರುವ ಕ್ರಮಗಳು

ಮೊದಲನೆಯದು ತೆರಿಗೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯ ಮಾರಾಟ ತೆರಿಗೆ ತಪಾಸಣೆ ಠಾಣೆಗಳು ಹೋದವು. ಲಾರಿಗಳು ಗಡಿಯಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವುದು ತಪ್ಪಿತು. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂದಿದೆ. ಹುರಿಯದ ಕಾಫಿ ಬೀಜಕ್ಕೆ ಈ ತೆರಿಗೆ ಇಲ್ಲವಾದ್ದರಿಂದ ಇ-ವೇ ಬಿಲ್ಲೂ ಬೇಕಿಲ್ಲ. ಒಣ ಅಡಿಕೆಗೆ ಶೇಕಡಾ 5 ತೆರಿಗೆ ಇದೆ. 50,000 ರೂಪಾಯಿಗೆ ಮೀರಿದ ಸರಕು ಸಾಗಿಸುವಾಗ ಬಿಲ್ಲು ಜೊತೆಯಲ್ಲಿರಬೇಕು.

ಎರಡನೆಯದು ಯೋಜನೆಗಳ ಹೊಂದಾಣಿಕೆ. ಒಂದು ಇಲಾಖೆ ರಸ್ತೆ ಹಾಕುವುದು, ಮರುವರ್ಷ ಇನ್ನೊಂದು ಇಲಾಖೆ ಅದನ್ನೇ ಅಗೆಯುವುದು ನಾವೆಲ್ಲ ಕಂಡ ಸಂಗತಿ. ಇದನ್ನು ತಪ್ಪಿಸಲು 2021ರ ಅಕ್ಟೋಬರ್ 13ರಂದು ಪ್ರಧಾನಮಂತ್ರಿ ಗತಿಶಕ್ತಿ ಯೋಜನೆ ಆರಂಭವಾಯಿತು. ರಸ್ತೆ, ರೈಲು, ಬಂದರುಗಳ ಯೋಜನೆಗಳನ್ನು ಒಂದೇ ನಕ್ಷೆಯ ಮೇಲೆ ನೋಡುವುದು ಇದರ ಉದ್ದೇಶ. 2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಸಾಗಾಣಿಕೆ ನೀತಿ ಹೊರಬಂದಿತು. ಸರಕು ಸಾಗಾಣಿಕೆಯಲ್ಲಿ ವಿಶ್ವಬ್ಯಾಂಕು ತಯಾರಿಸುವ ಪಟ್ಟಿಯಲ್ಲಿ 2018ರಲ್ಲಿ 44ನೆಯ ಸ್ಥಾನದಲ್ಲಿದ್ದ ಭಾರತ 2023ರಲ್ಲಿ 38ಕ್ಕೆ ಬಂದಿದೆ. 2030ರೊಳಗೆ ಮೊದಲ 25ರಲ್ಲಿ ಸೇರುವುದು ಗುರಿ.

ಇದು ಒಳ್ಳೆಯ ಕೆಲಸವೇ ಸರಿ. ಆದರೆ ಡೀಸೆಲ್ ಮಾತ್ರ ಸರಕು ಮತ್ತು ಸೇವಾ ತೆರಿಗೆಯ ಹೊರಗೇ ಉಳಿದಿದೆ. ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡಾ 18.44ಕ್ಕೂ, 2025ರ ಏಪ್ರಿಲ್‌ನಲ್ಲಿ 21.17ಕ್ಕೂ ಏರಿಸಿತು. ಒಂದು ಕೈ ಇಳಿಸಿದ ಹೊರೆಯನ್ನು ಇನ್ನೊಂದು ಕೈ ಹೊರಿಸಿದಂತಾಯಿತು.

ನೀತಿ ತಲುಪದ ಮೊದಲ ಹತ್ತು ಮೈಲಿ

ದೇಶದ ಕಾಫಿಯಲ್ಲಿ ಮೂರನೆಯ ಒಂದು ಭಾಗದಷ್ಟನ್ನು ಬೆಳೆಯುವ ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ಚೀಲವೆಲ್ಲ ರಸ್ತೆಯ ಮೇಲೆಯೇ ಸಾಗಬೇಕು. ತಡಿಯಂಡಮೋಳ್ ಬುಡದ ತೋಟದಿಂದ ಜೀಪಿನಲ್ಲಿ ಇಳಿದ ಚೀಲ ನಾಪೋಕ್ಲಿಗೋ ವಿರಾಜಪೇಟೆಗೋ ಹೋಗಿ, ಅಲ್ಲಿ ಲಾರಿಗೇರಿ ಕುಶಾಲನಗರ, ಹುಣಸೂರುಗಳ ಕ್ಯೂರಿಂಗ್ ವರ್ಕ್ಸ್ ಸೇರಿ, ಆಮೇಲೆ ಮಂಗಳೂರು ಅಥವಾ ಕೊಚ್ಚಿಯ ಬಂದರಿಗೆ ಹೊರಡುತ್ತದೆ. ಈ ದಾರಿಯಲ್ಲಿ ಮೈಲಿಗೆ ಅತಿ ಹೆಚ್ಚು ಖರ್ಚು ಬೀಳುವುದು ಮೊದಲ ಭಾಗದಲ್ಲಿ. ಹೆದ್ದಾರಿಯಲ್ಲಿ ಒಂದು ಲಾರಿ ಹೊರುವ ಸರಕನ್ನು ತೋಟದ ದಾರಿಯಲ್ಲಿ ಜೀಪು ಹಲವು ಸಲ ಹೋಗಿಬಂದು ಹೊರಬೇಕು.

ಮಳೆಗಾಲದಲ್ಲಂತೂ ಹೇಳತೀರದು. ಕಾವೇರಿ ಉಕ್ಕಿದರೆ ನಾಪೋಕ್ಲು ಸುತ್ತಿನ ರಸ್ತೆಗಳು ಮುಳುಗುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಗುಡ್ಡ ಕುಸಿದು ಮುಚ್ಚಿಹೋಯಿತು. ಅದೇ ವರ್ಷದ ಜೂನ್‌ನಲ್ಲಿ ಮಾಕುಟ್ಟ ರಸ್ತೆಯೂ ಕುಸಿದಿತ್ತು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತ್ತು. ಬಯಲು ಸೀಮೆಯಲ್ಲಿ ಇದರಿಂದ ಬಾಡಿಗೆ ಉಳಿಯಬಹುದು. ಮೋರಿಯೇ ಭಾರ ತಾಳದ ನಮ್ಮ ದಾರಿಯಲ್ಲಿ ಆ ಲಾಭ ಇಲ್ಲ.

ನಾವು ಮಾಡಬೇಕಾದದ್ದು

ಒಂದು, ಸರಕನ್ನು ಒಟ್ಟುಗೂಡಿಸುವುದು. ಒಂದು ಲಾರಿಯ ಬಾಡಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. 30 ಚೀಲ ಹೇರಿದರೆ ಚೀಲಕ್ಕೆ 200 ರೂಪಾಯಿ. ನಾಲ್ಕಾರು ಮನೆಯವರು ಸೇರಿ 100 ಚೀಲ ಹೇರಿದರೆ 60 ರೂಪಾಯಿ ಮಾತ್ರ. ಕುಯ್ಲು ಮುಗಿಯುವ ಮೊದಲೇ ಅಕ್ಕಪಕ್ಕದವರು ಮಾತಾಡಿಕೊಂಡು ದಿನ ಗೊತ್ತುಮಾಡಿಕೊಳ್ಳುವುದು ಲೇಸು.

ಎರಡು, ಹೊಟ್ಟಿಗೆ ಬಾಡಿಗೆ ಕೊಡುವುದನ್ನು ನಿಲ್ಲಿಸುವುದು. 50 ಕಿಲೋ ರೊಬಸ್ಟಾ ಚೆರಿಯಲ್ಲಿ ಸಿಗುವ ಬೀಜ ಸುಮಾರು 26ರಿಂದ 28 ಕಿಲೋ. ಮಿಕ್ಕದ್ದು ಹೊಟ್ಟು. ಅಂದರೆ ಪ್ರತಿ ಎರಡು ಲಾರಿಯಲ್ಲಿ ಹತ್ತಿರ ಹತ್ತಿರ ಒಂದು ಲಾರಿ ಹೊಟ್ಟನ್ನೇ ಸಾಗಿಸುತ್ತಿದ್ದೇವೆ. ತೇವಾಂಶ ಸರಿಯಾಗಿ ನೋಡಿಕೊಂಡು ಊರಿನಲ್ಲೇ ಹಲ್ಲಿಂಗ್ ಮಾಡಿಸಿದರೆ ಬಾಡಿಗೆಯೂ ಉಳಿಯುತ್ತದೆ, ಹೊಟ್ಟು ತೋಟದ ಗೊಬ್ಬರಕ್ಕೂ ಆಗುತ್ತದೆ.

ಮೂರು, ಗೋದಾಮು. ಇಡಲು ಜಾಗವಿಲ್ಲದವನು ಎಲ್ಲರೂ ಮಾರುವ ದಿನಗಳಲ್ಲೇ, ಲಾರಿ ಸಿಗದ ಹೊತ್ತಿನಲ್ಲೇ ಮಾರಬೇಕಾಗುತ್ತದೆ. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಸಹಕಾರ ಸಂಘಗಳ ಗೋದಾಮಿಗೆ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇಕಡಾ 3 ಬಡ್ಡಿ ರಿಯಾಯಿತಿ ಗೊತ್ತುಪಡಿಸಲಾಗಿದೆ. ಅರ್ಜಿಯ ಗಡುವನ್ನು ಬ್ಯಾಂಕಿನಲ್ಲಿ ವಿಚಾರಿಸಿ ಮುಂದುವರಿಯಬೇಕು.

ನಾಲ್ಕು, ಕೇಳಬೇಕಾದಲ್ಲಿ ಕೇಳುವುದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಗೆ, ಹಳ್ಳಿಯ ರಸ್ತೆಗಳು ಪಂಚಾಯಿತಿಗೆ ಸೇರಿದವು. ‘ರಸ್ತೆ ಸರಿಮಾಡಿಕೊಡಿ’ ಎಂಬ ಒಂದು ಸಾಲಿನ ಅರ್ಜಿ ಕಡತದಲ್ಲಿ ಮಲಗುತ್ತದೆ. ಯಾವ ಮೋರಿ, ವರ್ಷಕ್ಕೆ ಎಷ್ಟು ದಿನ ದಾರಿ ಕಟ್ಟುತ್ತದೆ, ಆ ದಾರಿಯಲ್ಲಿ ಎಷ್ಟು ಚೀಲ ಇಳಿಯುತ್ತದೆ ಎಂದು ಲೆಕ್ಕ ಬರೆದು, ಗ್ರಾಮಸಭೆಯ ನಿರ್ಣಯದೊಡನೆ ಕೊಟ್ಟ ಅರ್ಜಿಗೆ ಉತ್ತರ ಕೊಡದಿರುವುದು ಕಷ್ಟ.

ದೆಹಲಿಯ ನಕ್ಷೆಯಲ್ಲಿ ಬಂದರೂ ಹೆದ್ದಾರಿಯೂ ಕಾಣುತ್ತವೆ. ನಮ್ಮ ಗದ್ದೆ ಬದಿಯ ಮೋರಿ ಅಲ್ಲಿ ಕಾಣಬೇಕಾದರೆ ಅದರ ಲೆಕ್ಕವನ್ನು ನಾವೇ ಬರೆದು ಕೊಡಬೇಕು. ಆದುದರಿಂದ ಸದಸ್ಯರು ಈ ವರ್ಷ ತಮ್ಮ ಚೀಲಗಳ ಬಾಡಿಗೆಯನ್ನೂ ದಾರಿ ಕಟ್ಟಿದ ದಿನಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕಾಗಿ ಕೋರಿಕೆ.