ರೇಷನ್ನಿಗೆ ಸಿಗದ ಹೆಬ್ಬೆಟ್ಟು ಕಳ್ಳನಿಗೆ ಸಿಕ್ಕಿತು

ಮೈಲುತುತ್ತು, ಸುಣ್ಣ ಮುಟ್ಟಿ ಮುಟ್ಟಿ, ಅಡಿಕೆ ಸುಲಿದು ಸುಲಿದು ನನ್ನ ಬೆರಳಿನ ಗೆರೆಗಳೆಲ್ಲ ಸವೆದಿವೆ. ರೇಷನ್ ಅಂಗಡಿಯಲ್ಲಿ ಬೆರಳಿಟ್ಟರೆ ಯಂತ್ರ ಒಪ್ಪುವುದೇ ಇಲ್ಲ. "ತೊಳೆದು ಬನ್ನಿ", "ಇನ್ನೊಂದು ಬೆರಳು ಇಡಿ" ಅಂತ ಅರ್ಧ ಗಂಟೆ ಹೋಗುತ್ತದೆ. ನಮ್ಮ ಕಡೆ ತೋಟದ ಕೆಲಸ ಮಾಡುವ ಎಲ್ಲರದ್ದೂ ಇದೇ ಕಥೆ.

ಇಂಥ ಬೆರಳನ್ನು ಒತ್ತಿ ಯಾರೋ ನನ್ನ ಖಾತೆಯಿಂದ ಇಪ್ಪತ್ತು ಸಾವಿರ ತೆಗೆದರು.

2023ರ ಜೂನ್‌ನಲ್ಲಿ ನಾವು ಅಣ್ಣತಮ್ಮಂದಿರು ಪಾಲುಪಟ್ಟಿ ನೋಂದಣಿ ಮಾಡಿಸಿದ್ದೆವು. ಕಚೇರಿಯಲ್ಲಿ ಯಂತ್ರದ ಮೇಲೆ ಎಡಗೈ ಹೆಬ್ಬೆರಳು ಇಡಿಸಿದರು. ಬರಲಿಲ್ಲ. ಅಲ್ಲಿದ್ದ ಹುಡುಗ ಒಳ್ಳೆಯವನು. ಬೆರಳು ಒರಸಿ, ಮೂರ್ನಾಲ್ಕು ಸಲ ಒತ್ತಿಸಿ, ಗೆರೆ ಸ್ಪಷ್ಟವಾಗಿ ಮೂಡಿದ ಮೇಲೆಯೇ ಬಿಟ್ಟ. ಬಹುಶಃ ನನ್ನ ಜೀವಮಾನದಲ್ಲೇ ಅಷ್ಟು ಚಂದದ ಹೆಬ್ಬೆಟ್ಟು ಬಿದ್ದದ್ದು ಅದೊಂದೇ ಸಲ. ಅದು ಪತ್ರದ ಮೇಲೆ ಅಚ್ಚಾಯಿತು. ಪತ್ರದಲ್ಲಿ ಆಧಾರ್ ನಂಬ್ರವೂ ಇತ್ತು.

ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ಹತ್ತು ಸಾವಿರ, ಭಾನುವಾರ ಮತ್ತೆ ಹತ್ತು ಸಾವಿರ ಹೋಗಿದೆ. ನಮ್ಮಲ್ಲಿ ಗುಡ್ಡ ಹತ್ತಿದರೆ ಮಾತ್ರ ರೇಂಜ್. ಸೋಮವಾರ ಸೊಸೈಟಿಗೆ ಹೋದಾಗ ಎರಡೂ ಮೆಸೇಜು ಒಟ್ಟಿಗೇ ಬಂತು. ಮದ್ದು ಬಿಟ್ಟವರ ಸಂಬಳಕ್ಕೆಂದು ಇಟ್ಟಿದ್ದ ದುಡ್ಡು.

ಬ್ಯಾಂಕಿಗೆ ಓಡಿದೆ. ಕಂಪ್ಯೂಟರ್ ನೋಡಿ ಹೇಳಿದರು, "ನಿಮ್ಮದೇ ಬೆರಳು ಒತ್ತಿದೆಯಲ್ಲ!" ಆ ಎರಡು ದಿನವೂ ನಾನು ತೋಟದಲ್ಲೇ ಇದ್ದೆ ಅಂದರೆ ನಂಬುವವರಿಲ್ಲ. ಯಂತ್ರದ ಮಾತಿನ ಎದುರು ಮನುಷ್ಯನ ಮಾತಿಗೆ ಬೆಲೆಯಿಲ್ಲ ಅಂತ ಅವತ್ತು ಗೊತ್ತಾಯಿತು.

ಇದು ನಡೆಯುವುದು ಹೇಗೆ?

ಹಳ್ಳಿಗಳಲ್ಲಿ ಬ್ಯಾಂಕ್ ಪ್ರತಿನಿಧಿಗಳು ಸಣ್ಣ ಯಂತ್ರ ಹಿಡಿದು ದುಡ್ಡು ಕೊಡುತ್ತಾರೆ ನೋಡಿ, ಆ ವ್ಯವಸ್ಥೆಗೆ ಬೇಕಾದ್ದು ಮೂರೇ: ಆಧಾರ್ ನಂಬ್ರ, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಇಲ್ಲ, ಪಿನ್ ಇಲ್ಲ. ಒಂದು ಸಲಕ್ಕೆ ಹತ್ತು ಸಾವಿರದ ಮಿತಿ. ಪಾಸ್‌ಬುಕ್ ತೆಗೆದುಕೊಂಡು ಪೇಟೆಗೆ ಹೋಗಲಾಗದ ಮುದುಕರಿಗೆ ಇದು ನಿಜಕ್ಕೂ ಉಪಕಾರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಧಾರ್ ಜೋಡಿಸಿದ ನನ್ನ ಖಾತೆಗೆ ಈ ಬಾಗಿಲು ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ನಾನು ಕೇಳಿದ್ದೂ ಇಲ್ಲ.

ನೋಂದಣಿಯಾದ ಪತ್ರಗಳ ಪ್ರತಿ ಕಾವೇರಿ ಜಾಲತಾಣದಲ್ಲಿ ಸಿಗುತ್ತಿತ್ತು. ಕಳ್ಳರು ಅದನ್ನು ಇಳಿಸಿಕೊಂಡು, ಹೆಬ್ಬೆಟ್ಟನ್ನು ರಬ್ಬರ್ ಸ್ಟಾಂಪಿನಂತೆ ಅಚ್ಚು ಹಾಕಿದರು. 2023ರ ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಇಂಥದೇ ಪ್ರಕರಣದಲ್ಲಿ ಬಿಹಾರದಲ್ಲಿ ಕೆಲವರನ್ನು ಹಿಡಿದರು. ಆಮೇಲೆ ಸರ್ಕಾರ ಪತ್ರದಲ್ಲಿನ ಬೆರಳಚ್ಚನ್ನು ಮರೆಮಾಡಲು ಹೊರಟಿತು. ಆದರೆ 2018ರಲ್ಲೇ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ಇದೇ ರೀತಿ ಭೂದಾಖಲೆಯಿಂದ ಹೆಬ್ಬೆಟ್ಟು ತೆಗೆದು, ಅಚ್ಚು ಮಾಡಿ, ಸಿಮ್ ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಐದು ವರ್ಷ ಮೊದಲು ನೆರೆಮನೆಗೆ ಹಂದಿ ನುಗ್ಗಿದ್ದು ಗೊತ್ತಿದ್ದೂ ನಮ್ಮ ಬೇಲಿ ಕಟ್ಟಲಿಲ್ಲ ಅಂದರೆ ಏನು ಹೇಳುವುದು?

ಪಾಸ್‌ವರ್ಡ್ ಕಳವಾದರೆ ಬೇರೆ ಇಡಬಹುದು. ಹೆಬ್ಬೆರಳು ಬದಲಾಯಿಸಲು ಆಗುತ್ತದೆಯೇ?

ದುಡ್ಡು ವಾಪಸು ಬಂದದ್ದು

ಸೋಮವಾರವೇ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಬ್ಯಾಂಕಿಗೆ ಬಾಯಿಮಾತಲ್ಲ, ಕಾಗದದಲ್ಲಿ ಬರೆದು ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡೆ. ಸೀಲು ಹಾಕಲು ಹಿಂದೆ ಮುಂದೆ ನೋಡಿದರು, ಬಿಡಲಿಲ್ಲ. ಆ ಸೀಲೇ ನನ್ನನ್ನು ಉಳಿಸಿದ್ದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿ ದುಡ್ಡು ಹೋದರೆ, ಮೆಸೇಜು ಬಂದು ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ನಷ್ಟ ಹೊರಿಸುವಂತಿರಲಿಲ್ಲ. ಬ್ಯಾಂಕಿನವರು ಮೂವತ್ತು ದಿನ ಉತ್ತರ ಕೊಡಲಿಲ್ಲ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದೆ. ಅದಕ್ಕೆ ವಕೀಲರೂ ಬೇಡ, ಫೀಸೂ ಇಲ್ಲ. ಮಗಳು ಕಂಪ್ಯೂಟರಿನಲ್ಲಿ ಹಾಕಿಕೊಟ್ಟಳು. ಅಡಿಕೆ ಕೊಯ್ಲು ಶುರುವಾದ ಮೇಲೆ ಇಪ್ಪತ್ತು ಸಾವಿರವೂ ಬಂತು. ಅಷ್ಟರಲ್ಲಿ ಪೇಟೆಗೆ ಹನ್ನೊಂದು ಸಲ ಹೋಗಿದ್ದೆ. ಅದರ ಬಸ್ ಚಾರ್ಜು, ಕೆಲಸ ಹಾಳಾದದ್ದು ಯಾರ ಲೆಕ್ಕಕ್ಕೂ ಇಲ್ಲ.

ಈಗ ಬೀಗ ಹಾಕಿದ್ದೇನೆ

ಆಧಾರ್‌ನ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಇದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಐದು ನಿಮಿಷದ ಕೆಲಸ. ಬೇಕಾದಾಗ ಸ್ವಲ್ಪ ಹೊತ್ತಿಗೆ ಮಾತ್ರ ತೆರೆಯಬಹುದು, ತಾನಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ. ರೇಷನ್ ಅಂಗಡಿಗೆ ಹೋಗುವ ದಿನ ನಾನು ರೇಂಜ್ ಇರುವಲ್ಲಿ ನಿಂತು ಬೀಗ ತೆಗೆದು ಓಡಬೇಕಾಗುತ್ತದೆ. ನೋಡಿದವರು ನಗುತ್ತಾರೆ, ನಗಲಿ. ಆಧಾರ್ ಪ್ರತಿ ಕೊಡಬೇಕಾದಲ್ಲಿ ಈಗ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನೇ ಕೊಡುತ್ತೇನೆ. ಅದೂ ಅದೇ ಜಾಲತಾಣದಲ್ಲಿ ಸಿಗುತ್ತದೆ. ಕೆಲವು ಕಡೆ ತೆಗೆದುಕೊಳ್ಳುವುದಿಲ್ಲ, ವಾದ ಮಾಡಬೇಕು.

ಸರ್ಕಾರಕ್ಕೆ ಬಯ್ಯುತ್ತಾ ಕೂತಿದ್ದಾಗ ಮಗಳು ಕೇಳಿದಳು, "ಅಪ್ಪ, ನಿಮ್ಮ ಮೊಬೈಲಿನಲ್ಲಿ ಏನುಂಟು ನೋಡಿದ್ದೀರಾ?" ನೋಡಿದೆ. ಎರಡು ವರ್ಷ ಹಿಂದೆ ಕೆಲಸಕ್ಕೆ ಬಂದಿದ್ದ ಜಾರ್ಖಂಡಿನ ಹುಡುಗರ ಆಧಾರ್ ಫೋಟೋ, ಹಿಂದೆ ಮುಂದೆ ಎರಡೂ ಬದಿ. ಅದನ್ನು ಪಕ್ಕದ ತೋಟದವರಿಗೂ ಕಳಿಸಿದ್ದೆ, "ಒಳ್ಳೆಯ ಕೆಲಸದವರು" ಅಂತ. ಆ ಹುಡುಗರನ್ನು ಕೇಳಿದವರು ಯಾರು? ಅಳಿಸಿದೆ. ಪಕ್ಕದವರಿಗೂ ಫೋನ್ ಮಾಡಿ ಅಳಿಸಲು ಹೇಳಿದೆ. ಅವರು ಅಳಿಸಿದರೋ ಇಲ್ಲವೋ.

ಉಳಿದದ್ದು ಅಮ್ಮನದ್ದು. ಎಂಬತ್ತು ದಾಟಿದೆ. ತಿಂಗಳಿಗೊಮ್ಮೆ ಅಂಚೆಯವರು ಮನೆಗೇ ಯಂತ್ರ ತಂದು ಬೆರಳು ಇಡಿಸಿ ಪಿಂಚಣಿ ಕೊಡುತ್ತಾರೆ. ಅವಳಿಗೆ ಮೊಬೈಲ್ ಇಲ್ಲ, ಬೀಗ ಹಾಕಿದರೆ ತೆಗೆಯುವುದು ಹೇಗೆ? ಹಾಗಾಗಿ ಅವಳ ಬೆರಳನ್ನು ತೆರೆದೇ ಬಿಟ್ಟಿದ್ದೇವೆ. ಪಿಂಚಣಿ ಬಂದ ವಾರವೇ ಪೂರ್ತಿ ತೆಗೆಸಿ, ಖಾತೆಯಲ್ಲಿ ನೂರಿನ್ನೂರು ಮಾತ್ರ ಇಡುತ್ತೇವೆ. ಉಳಿದದ್ದು ಅವಳ ಹಳೆಯ ಟ್ರಂಕಿನಲ್ಲಿದೆ. ಬೀಗದ ಕೈ ಸೆರಗಿನ ತುದಿಯಲ್ಲಿ.